ಸ್ಟೇಶನ್ ಲೈನು

ಗಾಳೆಪ್ಪನ ಕಣ್ಣಿಗೆ ಪೊರೆ ಬಂದು ಅವನು ಲಾರಿ ಓಡಿಸುವುದನ್ನು ಬಿಟ್ಟ ಸುದ್ದಿ ಕಿವಿಗೆ ಬಿದ್ದ ದಿನವೇ ಸಾವಂತ್ರವ್ವ ಇಳಕಲ್ಲಿನ ಪೇಟೆಗೆ ಹೋಗಿ ರೊಟ್ಟಿ ಬೇಯಿಸುವ ಹೊಸ ಹಂಚು ತಂದಳು. ಒಬ್ಬರ ಕಣ್ಣು ಮಂಜಾದದ್ದಕ್ಕೆ ಇನ್ನೊಬ್ಬರು ಹಿಗ್ಗಬಾರದು, ಖರೆ. ಆದರೆ ಅವಳು ಹಿಗ್ಗಿದಳು. ಹಿಗ್ಗಿದ್ದಕ್ಕೆ ಮನಸ್ಸಿನಲ್ಲೇ ಮನೆದೇವರು ಬೀರಪ್ಪನಿಗೊಂದು ತಪ್ಪುಗಾಣಿಕೆಯನ್ನೂ ಎತ್ತಿಟ್ಟಳು.

"ಹಳೇ ಹಂಚಿಗೇನ ರೋಗ ಬಂದಿತ್ತ?" ಅತ್ತೆ ಲಗಮವ್ವ ಪಡಸಾಲೆಯಿಂದಲೇ ಕೇಳಿದಳು.

"ಅದು ಸೊಟ್ಟಾಗೇತ್ರಿ ಅತ್ತಿ. ಇನ್ನ ಮ್ಯಾಲೆ ದಿನಾ ಬಿಸಿ ರೊಟ್ಟಿ ಬೇಕಾಗ್ತಾವು."

"ಯಾರಿಗೆ?"

"ನಿಮ್ಮ ಮಗಗ."

"ಹಂಚು ಮನಿಗೆ ಬಂತು. ಮಗ ಯಾವಾಗ ಬರ್ತಾನೋ ನೋಡೂಣು," ಎಂದು ಮುದುಕಿ ಎಲೆ-ಅಡಿಕೆ ಕುಟ್ಟತೊಡಗಿದಳು. ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದ ಸಾವಂತ್ರವ್ವನ ಮಗಳು ರಂಗವ್ವ ರಾಟಿ ನಿಲ್ಲಿಸಿ ನಕ್ಕಳು.

ಗಾಳೆಪ್ಪ ಓಡಿಸುತ್ತಿದ್ದದ್ದು ಸ್ಟೇಶನ್ ಲೈನು. ಬೆಳಿಗ್ಗೆ ಇಳಕಲ್ಲಿನಿಂದ ಸೀರೆಯ ಗಂಟು ಹೇರಿಕೊಂಡು ಹುನಗುಂದದ ಮೇಲೆ ಬಾಗಲಕೋಟೆಯ ರೈಲ್ವೆ ಸ್ಟೇಶನ್ನಿಗೆ ಹೋಗುವುದು, ಅಲ್ಲಿ ವ್ಯಾಗನ್ನಿನಿಂದ ಇಳಿದ ನೂಲು ತುಂಬಿಕೊಂಡು ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುವುದು. ಲಾರಿ ಕಂಪನಿಯಲ್ಲಿ ರಾತ್ರಿ ಮನೆಯಲ್ಲಿ ಮಲಗಬಹುದಾದ ಲೈನು ಅದೊಂದೇ. ಉಳಿದದ್ದೆಲ್ಲ ಮುಂಬಯಿ, ಪುಣೆ, ಅದರಾಚೆ. ಹೋದವನು ಎಂದು ಬಂದಾನೆಂಬುದು ಹೋದವನಿಗೂ ಗೊತ್ತಿರುತ್ತಿರಲಿಲ್ಲ. ಸಾವಂತ್ರವ್ವನ ಗಂಡ ಗುರಪ್ಪ ಮದುವೆಯಾದಾಗಿನಿಂದ ಮುಂಬಯಿ ಲೈನಿನವನು. ಮಗಳು ಹುಟ್ಟಿದಾಗ ಪುಣೆಯಲ್ಲಿದ್ದ. ಹೆತ್ತ ತಂದೆ ತೀರಿಕೊಂಡಾಗ ಸೊಲ್ಲಾಪುರದಾಚೆ ಟೈರು ಒಡೆದು ಕೂತಿದ್ದ. ಮನೆಗೆ ಬಂದರೂ ಮೊದಲ ದಿನ ನಿದ್ದೆ, ಎರಡನೆಯ ದಿನ ಬಟ್ಟೆ ಒಗೆತ, ಮೂರನೆಯ ದಿನ ಬುತ್ತಿ. ಆ ಬುತ್ತಿಗೆಂದು ಸಾವಂತ್ರವ್ವ ಕಟಕ್ ರೊಟ್ಟಿ ಬಡಿದೂ ಬಡಿದೂ, ತನ್ನ ಮನೆಯಲ್ಲಿ ಮೆತ್ತನ್ನ ರೊಟ್ಟಿಯ ರುಚಿ ಹೇಗಿರುತ್ತದೆಂಬುದನ್ನೇ ಮರೆತಿದ್ದಳು.

ಗಾಳೆಪ್ಪನ ನಂತರ ಗುರಪ್ಪನೇ ಹಿರಿಯ. ಲೈನು ಅವನಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಕಂಪನಿಯೇ ಮುಗ್ಗರಿಸಿತು.

ಅದು ಎಂಬತ್ತೊಂದನೆಯ ಇಸವಿ. ಇಳಕಲ್ಲಿನ ಕೆಂಪು ಲಾರಿಯ ಕಂಪನಿ, ಬಾದಾಮಿಯ ಹಸಿರು ಲಾರಿಯ ಕಂಪನಿ, ಎರಡೂ ಸಾಲದಲ್ಲಿ ಕುತ್ತಿಗೆಮಟ ಮುಳುಗಿದ್ದವು. ಬ್ಯಾಂಕಿನ ಸಾಹೇಬರು ಮಾಲಕರಿಬ್ಬರನ್ನೂ ಎದುರುಬದುರು ಕೂಡಿಸಿ, ಹಳೆಯ ಗಾಡಿಗಳನ್ನು ಮಾರಿಸಿ, ಎರಡು ಕಂಪನಿಗಳನ್ನು ಒಂದು ಮಾಡಿದರು. ಉಳಿದ ಲಾರಿಗಳಿಗೆಲ್ಲ ನೀಲಿ ಬಣ್ಣ ಬಳಿದದ್ದಾಯಿತು. ಮಾಲಕರು ಒಂದೇ ಕಾರಿನಲ್ಲಿ ಓಡಾಡತೊಡಗಿದರು. ಡ್ರೈವರುಗಳು ಮಾತ್ರ ಒಂದೇ ಚಾದಂಗಡಿಯಲ್ಲಿ ಕೂಡಲಿಲ್ಲ. ಯಾಕೆಂದರೆ ಲೈನು ಆರಿಸಿಕೊಳ್ಳುವ ಸರದಿ ಸೀನಿಯಾರಿಟಿಯ ಪ್ರಕಾರ, ಆ ಸೀನಿಯಾರಿಟಿ ಎಲ್ಲಿಂದ ಎಣಿಸಬೇಕೆಂಬುದರ ಮೇಲೆ ಜಗಳ. ಕ್ಲೀನರ್ ಆಗಿ ಸೇರಿದ ದಿನದಿಂದ ಎಂದು ಕೆಂಪಿನವರು, ಲೈಸೆನ್ಸ್ ಸಿಕ್ಕ ದಿನದಿಂದ ಎಂದು ಹಸಿರಿನವರು.

ಗುರಪ್ಪ ಊರಿಗೆ ಬಂದಾಗ ಊಟದ ಮುಂದೆ ಇದೇ ಮಾತು.

"ಲೈಸೆನ್ಸ್ ತಾರೀಖ ಹಿಡದ್ರ ಏನಾಗ್ತೈತ್ರಿ?" ಸಾವಂತ್ರವ್ವ ಪುಂಡಿಪಲ್ಯೆ ಬಡಿಸುತ್ತ ಕೇಳಿದಳು.

"ಏನಾಗ್ತೈತಿ! ನಿನ್ನ ತಮ್ಮ ನನಗಿಂತ ಸೀನಿಯರ್ ಆಗ್ತಾನ."

"ಬಂಡೆಪ್ಪ ಮಾವ?" ರಂಗವ್ವನಿಗೆ ಆಶ್ಚರ್ಯ. "ಅವಗ ಗಾಡಿ ಕಲಿಸಿದಾವ ನೀನ ಅಲ್ಲೇನಪ್ಪ?"

"ನಾನ. ಬ್ರೇಕ್ ಯಾವುದು ಕ್ಲಚ್ ಯಾವುದು ಗೊತ್ತಿರಲಿಲ್ಲ ಮಗಗ. ನನ್ನ ಗಾಡಿ ಮ್ಯಾಲೆ ಕ್ಲೀನರ್ ಇದ್ದ."

"ಮತ್ತ ಲೈಸೆನ್ಸ್ ಅವಗ ಹ್ಯಾಂಗ ಮದಲ ಬಂತು?"

ಗುರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಉತ್ತರವನ್ನು ಲಗಮವ್ವ ಕೊಟ್ಟಳು. "ನಿಮ್ಮಪ್ಪಗ ಸೊಕ್ಕಿತ್ತವ್ವ. ನನ್ನ ಲೈಸೆನ್ಸ್ ಕೇಳೂ ಪೊಲೀಸ ಇನ್ನೂ ಹುಟ್ಟಿಲ್ಲ ಅಂತಿದ್ದ. ಹೆಂಡತಿ ತಮ್ಮನ್ನ ತನ್ನ ಗಾಡ್ಯಾಗ ಕೂಡಿಸ್ಕೊಂಡು ಬಿಜಾಪುರಕ್ಕ ಹೋಗಿ ಪರೀಕ್ಷಾ ಕೊಡಿಸಿದ. ತಾ ಹೊರಗ ಬೀಡಿ ಸೇದಕೋತ ನಿಂತಿದ್ದ."

"ಆಗ ಯಾರಿಗೆ ಗೊತ್ತಿತ್ತಬೇ ಇದೆಲ್ಲ!" ಎಂದು ಗುರಪ್ಪ ಕೈ ತೊಳೆದುಕೊಂಡ. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯಿತು.

ಬಂಡೆಪ್ಪ ಲೈಸೆನ್ಸ್ ಸಿಕ್ಕಮೇಲೆ ಬಾದಾಮಿಯ ಹಸಿರು ಕಂಪನಿಗೆ ಹೋಗಿ ಸೇರಿದ್ದ. ಗುರಪ್ಪ ಲೈಸೆನ್ಸ್ ಮಾಡಿಸಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಅದೂ ಮಾಲಕರು ಗದರಿದ ಮೇಲೆ.

ಎರಡು ವಾರ ಕಳೆದ ಮೇಲೆ ಹಿಂದಿನ ಓಣಿಯ ಶಾಬುದ್ದೀನ ಬಾಗಿಲಲ್ಲಿ ನಿಂತು ಕೂಗಿದ. ಅವನೂ ಕೆಂಪಿನವನೇ, ಹಿರಿತನದಲ್ಲಿ ಗುರಪ್ಪನ ನಂತರದವನು.

"ಅಕ್ಕಾ, ಸಕ್ರಿ ಹಂಚ್ರಿ! ಯೂನಿಯನ್ನಾಗ ತೋಡು ಬಿತ್ತು, ಜಗಳ ಬಗೀಹರೀತು. ಕ್ಲೀನರ್ ತಾರೀಖೂ ಬ್ಯಾಡ, ಲೈಸೆನ್ಸ್ ತಾರೀಖೂ ಬ್ಯಾಡ. ಯಾವ ವರ್ಷ ಸ್ಟೇರಿಂಗ್ ಹಿಡದ್ರೋ ಅದ ಖರೆ."

"ಅದನ್ನ ಹೇಳಾವ್ರ ಯಾರು?"

"ಅಲ್ಲೇ ಐತಿ ಗಮ್ಮತ್ತ. ಎರಡೂ ಕಂಪನಿ ಕಾಗದದ ಮ್ಯಾಲೆ ಯಾರಿಗೂ ಭರೋಸಾ ಇಲ್ಲ. ಅದಕ್ಕ ಎದುರಿನ ಕಂಪನ್ಯಾವ ಒಬ್ಬ ಸಾಕ್ಷಿ ಹೇಳಬೇಕು. ಸುಮ್ಮ ಹೇಳಂಗಿಲ್ಲ, ಆಣಿ ಮಾಡಬೇಕು. ನಮ್ಮವರು ಕುರಾನ್ ಮುಟ್ಟಿ, ನಿಮ್ಮವರು ಭಂಡಾರ ಹಿಡದು. ಹುನಗುಂದದಾಗ ಸಭಾ."

ಬೀರಪ್ಪನ ಅರಿಷಿಣದ ಭಂಡಾರ ಅಂಗೈಯಲ್ಲಿ ಹಿಡಿದು ಸುಳ್ಳು ಹೇಳುವವರು ತಮ್ಮ ಹಾಲುಮತದ ಕುಲದಲ್ಲಿ ಹುಟ್ಟಿಲ್ಲ ಎಂದು ಲಗಮವ್ವ ಕೂತಲ್ಲೇ ಕೈಮುಗಿದಳು. ಸಾವಂತ್ರವ್ವ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುರಪ್ಪ ಸ್ಟೇರಿಂಗ್ ಹಿಡಿದದ್ದನ್ನು ಕಣ್ಣಾರೆ ಕಂಡ ಹಸಿರಿನವನು ಭೂಮಿಯ ಮೇಲೆ ಒಬ್ಬನೇ, ತಮ್ಮ ಬಂಡೆಪ್ಪ. ಆ ಸಾಕ್ಷಿ ಹೇಳಿದರೆ ತನಗೆ ಸಿಗಲಿದ್ದ ಸ್ಟೇಶನ್ ಲೈನು ಕಳೆದುಕೊಳ್ಳುವವನೂ ಅವನೇ.

ಗುರಪ್ಪ ಬಂದಾಗ ಅವಳು ಸುತ್ತುಬಳಸದೆ ಹೇಳಿದಳು. "ಬಾದಾಮಿಗೆ ಹೋಗಿ ಬಂಡೆಪ್ಪಗ ಒಂದು ಮಾತ ಹೇಳಿ ಬರ್ರಿ."

"ನಾ ಯಾಕ ಹೇಳ್ಲಿ? ಅವಗ ಗೊತ್ತಿಲ್ಲೇನು?"

"ಗೊತ್ತಿದ್ರೂ ಬಾಯಿ ಬಿಟ್ಟು ಕೇಳಬೇಕಲ್ರಿ."

"ಕೂಸಿಗೆ ಕಲಿಸಿದಂಗ ಕಲಿಸೀನಿ ಅವಗ. ಈಗ ಅವನ ಮುಂದ ಹೋಗಿ, ಅಪ್ಪಾ ನಾ ನಿನಗ ಕಲಿಸಿದ್ದು ಖರೆ ಅಂತ ಹೇಳೋ ಅಂತ ಕೈ ಒಡ್ಡಲೇನು? ಅವ ತಾನಾಗಿ ಬಂದು ಹೇಳಿದ್ರ ಹೇಳ್ಲಿ, ಇಲ್ಲಾಂದ್ರ ಬಿಡ್ಲಿ. ನೀನೂ ಹೋಗಬ್ಯಾಡ ಮತ್ತ, ಹೇಳೀನಿ."

ಅವಳು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಗುರಪ್ಪ ಮುಂಬಯಿಗೆ ಹೊರಟ ಮರುದಿನ ಶೇಂಗಾ ಚಟ್ನಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅಮೀನಗಡ, ಗುಳೇದಗುಡ್ಡ ದಾಟಿ ಬಾದಾಮಿ ಬರುವವರೆಗೂ ತಮ್ಮನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದಳು. ಇಳಿಯುವಾಗ ಎಲ್ಲ ಮರೆತಿತ್ತು.

ಬಂಡೆಪ್ಪನ ಮನೆ ಗುಡ್ಡದ ಬುಡದಲ್ಲಿ. ಅವನ ಹೆಂಡತಿ ರೇಣವ್ವ ಮಾಳಿಗೆಯ ಮೇಲೆ ಸಂಡಿಗೆ ಹರವಿ, ಕೋಲು ಹಿಡಿದು ಮಂಗಗಳನ್ನು ಕಾಯುತ್ತಿದ್ದಳು. ನಾದಿನಿಯನ್ನು ಕಂಡು ಓಡಿ ಬಂದು ನೀರು ಕೊಟ್ಟಳು. ಬಂಡೆಪ್ಪ ಲೋಡಿಗೆ ಕಾಯುತ್ತ ಮನೆಯಲ್ಲೇ ಇದ್ದ. ಜುಣಕ, ರೊಟ್ಟಿ, ಮೊಸರು. ಮೂವರೂ ಉಂಡರು. ಉಂಡು ಮುಗಿಯುವವರೆಗೂ ಬಂದ ಕೆಲಸದ ಮಾತು ಯಾರೂ ಎತ್ತಲಿಲ್ಲ, ಬಂದದ್ದು ಯಾತಕ್ಕೆಂದು ಮೂವರಿಗೂ ಗೊತ್ತಿತ್ತು.

"ಅಕ್ಕಾ, ನೀ ಬಾಯಿ ಬಿಡಬ್ಯಾಡ," ಕೊನೆಗೆ ಬಂಡೆಪ್ಪನೇ ಅಂದ. "ನಮ್ಮ ಕಂಪನ್ಯಾವ್ರು ನಿನ್ನೆ ಇಲ್ಲೇ ಕುಂತು ಹೋದ್ರು. ಸಾಕ್ಷಿ ಹೇಳಿದ್ರ ನಮ್ಮ ಗಾಡಿ ಕಡೆ ಬರಬ್ಯಾಡ ಅಂದ್ರು."

"ನಾ ಏನ ಕೇಳಾಕತ್ತೀನಿ? ಖರೆ ಇದ್ದದ್ದ ಹೇಳು ಅಂತ ಅಷ್ಟ."

ರೇಣವ್ವನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ನಿಮಗ ಅತ್ತಿ ಅದಾರ, ಮಗಳದಾಳ. ಜಗಳಾಡಾಕರ ಒಂದು ಬಾಯಿ ಐತಿ ನಿಮ್ಮ ಮನ್ಯಾಗ. ನಾ ಮಾತಾಡೂದು ಈ ಮಂಗ್ಯಾಗಳ ಕೂಡ! ಆ ಲೈನು ಸಿಕ್ರ ಇಳಕಲ್ಲಿಗೆ ಮನಿ ಮಾಡೂಣು, ದಿನಾ ಮನಿಗೆ ಬರ್ತೀನಿ ಅಂದಾರ ಇವರು. ನಾ ಪಾತ್ರೆ ಸುದ್ದಾ ಕಟ್ಟಿಟ್ಟೀನಿ."

ಮೂಲೆಯಲ್ಲಿ ಗೋಣಿಚೀಲದ ಗಂಟಿತ್ತು. ಸಾವಂತ್ರವ್ವ ಅದನ್ನು ನೋಡಿದಳು. ಇವಳ ಗಂಟು ಬಿಚ್ಚಿಸಿ ತಾನು ಬಿಸಿ ರೊಟ್ಟಿ ಬಡಿಯಬೇಕು! ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ತನ್ನ ಮನೆಯ ಒಂಟಿ ರಾತ್ರಿಗಳು ನೆನಪಾದವು, ಏಳಲಿಲ್ಲ.

ಬಂಡೆಪ್ಪ ಅಂಗಳ ನೋಡುತ್ತಲೇ ಕೇಳಿದ.

"ಅಕ್ಕಾ, ಒಂದ ಮಾತ ಹೇಳು. ಮಾಮಾ ಕಳಿಸ್ಯಾನೇನು ನಿನ್ನ? ಅವ ಕೇಳ್ಯಾನಂದ್ರ ನಾ ಯಾರಪ್ಪನ ಮಾತೂ ಕೇಳೂದಿಲ್ಲ. ನಾ ಈ ಕಂಪನಿಗೆ ಬಂದಾಗಿನಿಂದ ಅವ ನನ್ನ ಒಂದ ಸಲಾನೂ ಏನೂ ಕೇಳಿಲ್ಲ. ಖರೇನ ಕಳಿಸ್ಯಾನೇನು?"

ಎಂಥ ಹುಡುಗ ಇವನು! ಮೀಸೆ ನೆರೆತರೂ ಗುರುವಿನ ಒಂದು ಮಾತಿಗೆ ಕಾದು ಕೂತಿದ್ದಾನೆ.

"ಹೂಂ," ಎಂದಳು ಸಾವಂತ್ರವ್ವ. "ಅವರ ಕಳಿಸ್ಯಾರ."

ರೇಣವ್ವ ಎದ್ದು ಮಾಳಿಗೆ ಹತ್ತಿದಳು. ಮಂಗಗಳು ಅರ್ಧ ಸಂಡಿಗೆ ತಿಂದು ಮುಗಿಸಿದ್ದವು.

ಹುನಗುಂದದ ಸಭೆ ಒಂದು ಅರಳೆ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ. ಹೆಂಗಸರು ಹೋಗುವ ಸಭೆಯಲ್ಲ ಅದು. ಅಲ್ಲಿ ಆದದ್ದನ್ನು ಸಾವಂತ್ರವ್ವ ಕೇಳಿದ್ದು ಶಾಬುದ್ದೀನನ ಬಾಯಿಂದ. ಅವನು ಆ ಸಂಜೆ ಅಂಗಳಕ್ಕೆ ಬಂದು, ಕೂಡು ಎಂದರೂ ಕೂಡದೆ, ತಲೆ ಕೆರೆಯುತ್ತ ನಿಂತ.

"ಬಂಡೆಪ್ಪಣ್ಣ ಬಂದಿದ್ದ ಅಕ್ಕಾ. ಹಸಿರಿನವ್ರು ಹೋ ಅಂತ ಕೂಗಿದ್ರು, ಲೆಕ್ಕಕ್ಕ ತಗೊಳ್ಳಿಲ್ಲ. ಭಂಡಾರ ಅಂಗೈಯಾಗ ಹಿಡದ. ನನಗ ಸ್ಟೇರಿಂಗ್ ಕಲಿಸಿದಾವ ಗುರಪ್ಪ ಮಾಮಾ, ನಾ ಕ್ಲೀನರ್ ಇದ್ದಾಗ ಅವ ಮುಂಬಯಿ ಗಾಡಿ ಓಡಿಸ್ತಿದ್ದ ಅಂದ. ಅಲ್ಲಿಗೆ ಬಿಟ್ಟಿದ್ರ ಮುಗೀತಿತ್ತು ನೋಡ್ರಿ."

"ಮತ್ತೇನಾತು?"

"ಹಸಿರಿನವ ಒಬ್ಬ ಎದ್ದು, ಅಕ್ಕ ಬಂದು ಅತ್ತಳು ಅಂತ ಬಂದಿಯೇನಲೇ ಅಂದ. ಬಂಡೆಪ್ಪಣ್ಣಗ ಸಿಟ್ಟು ಬಂತು. ಭಂಡಾರ ಇನ್ನೂ ಕೈಯಾಗ ಇತ್ತು. ಅಕ್ಕ ಅತ್ತದ್ದಕ್ಕಲ್ಲಲೇ, ನನ್ನ ಗುರು ಹೇಳಿ ಕಳಿಸ್ಯಾನ, ಅದಕ್ಕ ಬಂದೀನಿ ಅಂದ."

"ಅದಕ್ಕ ಅವರು ಏನಂದ್ರು?" ಎಂದಳು ಸಾವಂತ್ರವ್ವ.

"ಗುರಪ್ಪಣ್ಣ ಎದ್ದು ನಿಂತ. ನಾ ಯಾರನ್ನೂ ಕಳಿಸಿಲ್ಲ ಅಂದ. ಅಷ್ಟ. ಆಮ್ಯಾಲೆ ಯಾರು ಕೇಳ್ತಾರ! ಭಂಡಾರ ಹಿಡದು ಸುಳ್ಳ ಹೇಳಿದಾ ಅಂತ ಒಂದ ಗದ್ದಲ. ಒಂದು ಸುಳ್ಳಂದ್ರ ಎಲ್ಲಾ ಸುಳ್ಳು ಅಂದ್ರು, ಇಬ್ಬರ ಹೆಸರೂ ಪಟ್ಟಿಯಿಂದ ಹೊಡದು ಹಾಕಿದ್ರು. ಬಂಡೆಪ್ಪಣ್ಣ ಭಂಡಾರ ಹಣಿಗೆ ಹಚ್ಚಿಕೊಂಡು ನೆಟ್ಟಗ ಹೊರಗ ನಡದಬಿಟ್ಟ. ಯಾರ ಮುಖಾನೂ ನೋಡ್ಲಿಲ್ಲ."

"ಲೈನು ಯಾರಿಗಾತು?"

ಶಾಬುದ್ದೀನ ನೆಲ ನೋಡಿದ. "ನನಗ, ಅಕ್ಕಾ," ಎಂದ. "ನಾ ಕೇಳಿ ತಗೊಂಡಿಲ್ಲ. ನನ್ನ ಪಾಳಿ ಬಂತು."

"ಯಾಕ ಅಂಜತಿ ತಮ್ಮಾ? ಚಲೋ ಆತು. ನಿನ್ನ ಹೆಂಡತಿಗೆ ಹೇಳು, ನಾ ಖುಷಿಪಟ್ಟೆ ಅಂತ," ಎಂದಳು ಸಾವಂತ್ರವ್ವ. ಖುಷಿಯೇನೂ ಪಟ್ಟಿರಲಿಲ್ಲ, ಸಂಕಟವಾಗಿತ್ತು. ಆದರೆ ಅವನ ಹೆಂಡತಿಯ ತಪ್ಪೇನಿತ್ತು ಅದರಲ್ಲಿ?

ಗುರಪ್ಪ ಬಂದವನು ಚಪ್ಪಲಿ ಕಳಚುವ ಮೊದಲೇ ಶುರುಮಾಡಿದ.

"ಯಾಕ ಹೋಗಿದ್ದಿ ಬಾದಾಮಿಗೆ? ಹೋಗಬ್ಯಾಡ ಅಂದಿರಲಿಲ್ಲೇನು?"

"ಹೋಗಿದ್ದೆ. ನೀವ ಕಳಿಸೀರಿ ಅಂತ ಸುಳ್ಳೂ ಹೇಳಿದೆ. ಹೊಡೀರಿ ಬೇಕಂದ್ರ."

"ನಿನ್ನ ಹೊಡದು ಏನ ಮಾಡ್ಲಿ! ನಾಕ ಮಂದ್ಯಾಗ ನನ್ನ ಮಾನ ಕಳದಿ."

"ನೀವ್ಯಾಕ ಸುಮ್ಮ ಕುಂಡರಲಿಲ್ಲ? ಒಂದ ಮಾತ ನುಂಗಿದ್ರ ಏನಾಗ್ತಿತ್ತು? ಅವ ನಿಮ್ಮ ಸಲುವಾಗಿ ತನ್ನ ಮಂದೀನ್ನ ಬಿಟ್ಟು ಬಂದು ನಿಂತಿದ್ದ!"

"ಭಂಡಾರ ಹಿಡದು ನಿಂತಿದ್ದ. ದೇವರ ಮುಂದ ಸುಳ್ಳ ನಡದೈತಿ, ನಾ ಬಾಯಿ ಮುಚಕೊಂಡು ಕುಂತು ಆ ಲೈನು ತಗೋಬೇಕೇನು? ಬೀರಪ್ಪ ಬಿಡ್ತಾನೇನು?"

"ಬೀರಪ್ಪಗ ಲೆಕ್ಕಾ ಕೊಟ್ರಿ. ಮಾನಕ್ಕ ಲೆಕ್ಕಾ ಕೊಟ್ರಿ. ನನಗ ಯಾರು ಕೊಡಾವ್ರು?" ಎಂದಳು ಸಾವಂತ್ರವ್ವ. "ನಿಮಗ ಯಾರು ಹಿರ್ಯಾ ಯಾರು ಕಿರ್ಯಾ ಅನ್ನೂದು ಬೇಕಾಗಿತ್ತು. ನನಗ ನೀವು ಬೇಕಾಗಿದ್ರಿ. ರಾತ್ರಿ ಬಾಗಿಲ ಅಗಳಿ ಹಾಕೂವಾಗ ಒಳಗ ನೀವಿರಬೇಕಾಗಿತ್ತು. ಅಷ್ಟ ಬೇಕಾಗಿತ್ತ ನನಗ."

ಇಷ್ಟು ವರ್ಷದಲ್ಲಿ ಅವಳು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮೊದಲೇ ಹೇಳಿದ್ದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಗುರಪ್ಪ ಒಂದು ಸಲ ಅವಳ ಕಡೆ ನೋಡಿ, ಅಂಗಳಕ್ಕೆ ಹೋಗಿ ಬೀಡಿ ಹಚ್ಚಿದ.

"ಗಂಡನ ಮುಂದ ನಿಂತು ಹಿಂಗ ಮಾತಾಡೂದೇನ?" ಎಂದು ಲಗಮವ್ವ ಸೊಸೆಯನ್ನು ಗದರಿದಳು.

"ಆಯಿ, ನೀ ಸುಮ್ಮಿರು," ಎಂದಳು ರಂಗವ್ವ.

ಯೂನಿಯನ್ನು ಗುರಪ್ಪನಿಗೆ ಕೊಟ್ಟದ್ದು ಮುಂಬಯಿಯ ಆಚೆಗಿನ ಲೈನು. ಹೊಸ ಕಂಪನಿ ಸೂರತ್ತಿನವರೆಗೂ ಬಾಡಿಗೆ ಹಿಡಿದಿತ್ತು. ಹೋದರೆ ತಿಂಗಳು. ಸಾವಂತ್ರವ್ವ ಮತ್ತೆ ಕಟಕ್ ರೊಟ್ಟಿಯ ಬುತ್ತಿ ಕಟ್ಟಿದಳು. ಬಾಗಿಲು ದಾಟಿದವನು ತಿರುಗಿ ನಿಂತು, "ಪಂಚಮಿಗೆ ಬಂಡೆಪ್ಪ ಕರಿಯಾಕ ಬಂದ್ರ ಹೋಗಿ ಬಾ," ಎಂದ. ಅದೇ ಅವನ ಕಡೆಯಿಂದ ಬಂದ ಸಮಾಧಾನದ ಮಾತು.

ಬಂಡೆಪ್ಪ ಬರಲಿಲ್ಲ. ತಂದೆ ತಾಯಿ ಹೋದ ಮೇಲೂ ಒಂದು ವರ್ಷವೂ ತಪ್ಪಿಸದೆ ನಾಗರಪಂಚಮಿಗೆ ಅಕ್ಕನನ್ನು ಕರೆದೊಯ್ಯುತ್ತಿದ್ದ ತಮ್ಮ. ತಾನು ಬರದಿದ್ದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತಿದ್ದ. ಈ ಸಲ ಹೇಳಿಕೆಯೂ ಇಲ್ಲ. ಅವನು ಹಸಿರಿನವರ ಜೊತೆಗೂ ಇಲ್ಲ, ಕೆಂಪಿನವರ ಜೊತೆಗೂ ಇಲ್ಲ, ಕಂಪನಿಯನ್ನೇ ಬಿಟ್ಟು ಕುಳಗೇರಿ ಕ್ರಾಸಿನಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸುತ್ತಿದ್ದಾನೆಂದು ಶಾಬುದ್ದೀನ ಸುದ್ದಿ ತಂದ. ಭಂಡಾರದ ಸುಳ್ಳಿಗೆ ಪರಿಹಾರವೆಂದು ಬೀರಪ್ಪನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗಿದ್ದನಂತೆ. ಮಾಡದ ತಪ್ಪಿಗೆ.

ಸಾವಂತ್ರವ್ವ ಆದರೂ ಉಂಡಿ ಕಟ್ಟಿದಳು. ಎಳ್ಳಿನವು, ಶೇಂಗಾದವು, ರೇಣವ್ವನಿಗೆ ಸೇರುವ ಪುಟಾಣಿಯವು. ಟ್ರಂಕಿನಿಂದ ಹೊಸ ಸೀರೆ ತೆಗೆದು ಉಟ್ಟಳು. ಬಸ್ಸಿನ ಹೊತ್ತಿಗೆ ಹೊಸ್ತಿಲಲ್ಲಿ ಕೂತು, ಮಧ್ಯಾಹ್ನದ ಬಸ್ಸೂ ಹೋದಮೇಲೆ ಒಳಗೆ ಬಂದಳು. ತಾನೇ ಹೋಗಿ ತಮ್ಮನ ಕಾಲು ಹಿಡಿಯಬಹುದಿತ್ತು. ಕರೆಯದೆ ಹೇಗೆ ಹೋಗುವುದು, ಹೋದರೆ ರೇಣವ್ವನ ಮುಖ ಹೇಗೆ ನೋಡುವುದು?

ರಂಗವ್ವ ಗೆಳತಿಯರೊಡನೆ ಜೋಕಾಲಿ ಆಡಲು ಹೋಗಿದ್ದಳು. ಓಣಿಯ ಹುಡುಗಿಯರ ನಗು ಗೋಡೆ ದಾಟಿ ಬರುತ್ತಿತ್ತು. ಸಂಜೆಯಾಗುತ್ತಲೇ ಹಿಂದಿನ ಓಣಿಯಲ್ಲಿ ಲಾರಿಯ ಹಾರ್ನು ಕೇಳಿಸಿತು. ಶಾಬುದ್ದೀನ ಮನೆಗೆ ಬಂದ. ಅವನ ಹೆಂಡತಿ ಮಕ್ಕಳನ್ನು ಕೂಗಿ ಕರೆದದ್ದು, ಕೈಕಾಲಿಗೆ ನೀರು ಹೊಯ್ದ ಸಪ್ಪಳ, ಅವನು ಏನೋ ಅಂದದ್ದಕ್ಕೆ ಅವಳು ಗಂಟಲು ಬಿಟ್ಟು ನಕ್ಕದ್ದು, ಎಲ್ಲ ಕೇಳಿಸಿತು. ಸಾವಂತ್ರವ್ವ ಕಿಟಕಿ ಮುಚ್ಚಲು ಎದ್ದು, ಮುಚ್ಚದೆ ಹಾಗೇ ನಿಂತಳು.

"ಬಾ, ಕುಂಡರು," ಎಂದಳು ಲಗಮವ್ವ. "ಎಷ್ಟಂತ ನಿಂದರ್ತಿ?"

ಅವಳು ಬಂದು ಅತ್ತೆಯ ಎದುರು ಕೂತಳು. ಉಂಡಿಯ ಡಬ್ಬಿ ಇಬ್ಬರ ನಡುವೆ ಇತ್ತು. ಮುದುಕಿಯ ಗಂಡ ಕುರುಬ, ನೂರಾರು ಕುರಿ ಹೊಡೆದುಕೊಂಡು ದೀಪಾವಳಿ ಆಗುತ್ತಲೇ ಹೊಳೆ ದಾಟಿ ಹೋದರೆ ಮುಂಗಾರಿಗೆ ತಿರುಗಿ ಬರುತ್ತಿದ್ದ. ಸಾವಂತ್ರವ್ವ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದಳು. ಅತ್ತೆ ಒಂದು ದಿನವೂ ಅದರ ಬಗ್ಗೆ ಮಾತಾಡಿದ್ದು ಕೇಳಿರಲಿಲ್ಲ.

"ಅತ್ತಿ, ಒಂದು ಕೇಳ್ತೀನಿ, ಬೈಬ್ಯಾಡ್ರಿ," ಎಂದಳು. "ಮಾವಾರು ಕುರಿ ಹಿಂದ ಹೋದಾಗ ನೀವು ಒಬ್ಬಾಕೀನ ಇರ್ತಿದ್ರಿ. ಎಷ್ಟು ವರ್ಷಕ್ಕ ರೂಢಿ ಆತು ನಿಮಗ?"

ಲಗಮವ್ವ ಡಬ್ಬಿಯಿಂದ ಒಂದು ಎಳ್ಳುಂಡಿ ತೆಗೆದು, ಹಲ್ಲಿಲ್ಲದ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತಳು.

"ಅವ ಸತ್ತಮ್ಯಾಲೆ ಆತವ್ವ," ಎಂದಳು. "ಇರೂತನಕ ಒಂದ ದಿನಾನೂ ಆಗಲಿಲ್ಲ."